ಮಾರುತೇಶನ ಕಟ್ಟುನಿಟ್ಟಿನ ಕಂಪ್ಯೂಟರು

ಮಾರುತೇಶನಿಗೆ ನಾನು ಎರಡು ಸಲ ಹೊಡೆದಿದ್ದೇನೆ. ಮೊದಲ ಸಲ ಅವನು ಮೊಳಕಾಲ್ಮೂರು ತಾಲೂಕಿನ ಸಿದ್ದಾಪುರದಲ್ಲಿ, ನಾನು ಮೇಷ್ಟ್ರಾಗಿದ್ದ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಶಾಲೆಯ ರೇಡಿಯೋ ಬಿಚ್ಚಿ, ಒಳಗಿದ್ದ ಸಾಮಾನನ್ನೆಲ್ಲ ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟು, 'ನೋಡಿ ಸಾ, ಇದ್ರೊಳಗೆ ಯಾರೂ ಇಲ್ಲ' ಅಂದಿದ್ದ. ಎರಡನೇ ಸಲ ಹೊಡೆದಾಗ ಅವನಿಗೆ ಇಪ್ಪತ್ತೆಂಟು ವರ್ಷ. ಮದುವೆಯಾಗಿ ಒಂದು ಮಗುವಿತ್ತು, ಚಳ್ಳಕೆರೆಯಲ್ಲಿ ಸ್ವಂತ ಅಂಗಡಿಯಿತ್ತು. ಅಂಥವನ ಕೆನ್ನೆಗೆ ಬಾರಿಸಿದ್ದು ತಪ್ಪೇ. ಆದರೆ ನನಗೆ ಸಿಟ್ಟು ಬೇಗ ಬರುತ್ತದೆ, ಇದು ಎರಡು ತಾಲೂಕಿಗೂ ಗೊತ್ತಿರುವ ವಿಷಯ.

ಅವನಪ್ಪ ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಹಮಾಲಿ. ಸಿದ್ದಾಪುರದ ಅಜ್ಜಿ ಮನೆಯಲ್ಲಿದ್ದ ಹುಡುಗನನ್ನು ಐದನೇ ಕ್ಲಾಸಿಗೆ ತನ್ನ ಹತ್ತಿರ ಕರೆಸಿಕೊಂಡ. ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟಿತು. ಆಮೇಲೆ ಎಣ್ಣೆ ಮಿಲ್ಲಿನಲ್ಲಿ ಎರಡು ವರ್ಷ ಮೋಟಾರು ರಿಪೇರಿ, ಚಿತ್ರದುರ್ಗದಲ್ಲಿ ಆರು ತಿಂಗಳು ಕಂಪ್ಯೂಟರ್ ಕ್ಲಾಸು, ಯಾರದೋ ಅಂಗಡಿಯಲ್ಲಿ ಕೂಲಿ ಟೈಪಿಂಗು. 2005ರಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಮಳಿಗೆ ಹಿಡಿದು ತನ್ನದೇ ಅಂಗಡಿ ಇಟ್ಟ. ಅರ್ಜಿ, ಮದುವೆ ಕಾರ್ಡು, ತಿಥಿ ಕಾರ್ಡು, ಎಣ್ಣೆ ಡಬ್ಬದ ಲೇಬಲ್ಲು, ಏನು ಬಂದರೂ ಮಾಡುತ್ತಿದ್ದ. ನಾನು ರಿಟೈರಾಗಿ ಚಳ್ಳಕೆರೆಯಲ್ಲೇ ಇದ್ದೆ. ದಿನಾ ಅಲ್ಲಿಗೆ ಪೇಪರ್ ಓದಲು ಹೋಗುತ್ತಿದ್ದೆ. ಅವನು ಸ್ಟೂಲು ಹಾಕುತ್ತಿದ್ದ, ನಾನು ಅವನ ಕಾಗುಣಿತ ತಿದ್ದುತ್ತಿದ್ದೆ.

ಒಂದು ದಿನ ಅವನ ತಲೆಗೆ ಜಾತಕದ ಹುಚ್ಚು ಹತ್ತಿತು. ಜಾತಕ ಬರೆಯುವ ಸಾಫ್ಟ್‌ವೇರ್ ಬಂದಿದೆ, ಹುಟ್ಟಿದ ತಾರೀಖು, ಹೊತ್ತು, ಊರು ಒತ್ತಿದರೆ ಸಾಕು, ಹನ್ನೆರಡು ಪುಟದ ಜಾತಕ ಕನ್ನಡದಲ್ಲೇ ಅಚ್ಚಾಗಿ ಬರುತ್ತದೆ, ಗಂಡು ಹೆಣ್ಣಿನದು ಕೂಡಿಸಿ ನೋಡಿದರೆ ಹೊಂದುತ್ತದೋ ಇಲ್ಲವೋ ಅದೂ ಬರುತ್ತದೆ ಅಂತ ಯಾರೋ ಹೇಳಿದ್ದರು. ದಾವಣಗೆರೆಯ ಡೀಲರು ಹನ್ನೆರಡು ಸಾವಿರ ಹೇಳಿದ. ಮಾರುತೇಶ ಬಾಡಿದ ಮುಖ ಹೊತ್ತು ವಾಪಸು ಬಂದ. ಎಂಟು ದಿನ ಬಿಟ್ಟು ಸೈಬರ್ ಸೆಂಟರಿನಿಂದ ಓಡೋಡಿ ಬಂದು ನನ್ನ ಕೈಲಿದ್ದ ಪೇಪರ್ ಕಿತ್ತುಕೊಂಡ.

'ಸಾ, ಅದೇ ಸಾಫ್ಟ್‌ವೇರು! ಇಂಟರ್‌ನೆಟ್ಟಲ್ಲಿ ಸಾವಿರದ ಐನೂರಕ್ಕೆ ಕೊಡ್ತಾರೆ. ಒರಿಜಿನಲ್ಲು, ಜೀವನ ಪೂರ್ತಿ ನಡೀತೈತಂತೆ.'

'ಹನ್ನೆರಡು ಸಾವಿರದ್ದು ಸಾವಿರದ ಐನೂರಕ್ಕೆ ಯಾಕ್ಲೇ ಕೊಡ್ತಾರೆ?'

'ಹಳೇ ಸ್ಟಾಕು ಖಾಲಿ ಮಾಡ್ತಾರೆ ಸಾ.'

ಸಾಫ್ಟ್‌ವೇರಿಗೆ ಹಳೇ ಸ್ಟಾಕು ಅಂದರೇನು, ಅದೇನು ಹೋದ ವರ್ಷದ ಶೇಂಗಾನಾ ಅಂತ ಆವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಜಾತಕವನ್ನು ಪುಕ್ಕಟೆ ಮಾಡಿಕೊಡುತ್ತೇನೆ ಅಂದಿದ್ದ, ಬಾಯಿ ಮುಚ್ಚಿಕೊಂಡೆ. ಅವನು ಯಾವುದೋ ದೂರದ ಊರಿನ ಖಾತೆಗೆ ಹಣ ಕಟ್ಟಿದ. ಹದಿನೈದು ದಿನಕ್ಕೆ ಕೊರಿಯರ್‌ನಲ್ಲಿ ಒಂದು ಸಿಡಿ ಬಂತು. ಡಬ್ಬವಿಲ್ಲ, ಬಿಲ್ಲಿಲ್ಲ, ಸಿಡಿಯ ಮೇಲೆ ಪೆನ್ನಿನಲ್ಲಿ ಬರೆದ ಹೆಸರು, ಜೊತೆಗೆ ಒಂದು ಚೀಟಿಯಲ್ಲಿ ಉದ್ದನೆಯ ಕೀ ನಂಬರು. ಹಾಕಿದ ಕೂಡಲೇ ನಡೆಯಿತು. ಮಾರುತೇಶ ಕಂಪ್ಯೂಟರಿಗೆ ಊದುಬತ್ತಿ ಬೆಳಗಿದ.

ವ್ಯಾಪಾರ ನಡೆದದ್ದು ಸುಳ್ಳಲ್ಲ. ಚಳ್ಳಕೆರೆಯಲ್ಲಷ್ಟೇ ಅಲ್ಲ, ವಾರದ ಸಂತೆಗೆ ಮೊಳಕಾಲ್ಮೂರಿಗೂ ಹೋಗತೊಡಗಿದ. ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಶೇಂಗಾ ಚೀಲದಲ್ಲಿಳಿಸಿ ಬಸ್ಸಿಗೆ ಹಾಕಿಕೊಂಡು ಹೋಗುತ್ತಿದ್ದ. ಒಂದು ಟೀ ಅಂಗಡಿಯಿಂದ ವೈರೆಳೆದು, ತಡಿಕೆ ಕಟ್ಟಿ ಕೂರುತ್ತಿದ್ದ. ನಮ್ಮ ಕಡೆಯ ಕುರಿ ಸಾಕುವವರು, ಕೂಲಿ ಮಾಡುವವರು ಜಾತಕ ನೋಡಿದವರೇ ಅಲ್ಲ. ಹಿರಿಯರು ಕೂತು ಮಾತಾಡಿ, ಹೆಚ್ಚೆಂದರೆ ಹೆಸರಿನ ಬಲ ನೋಡಿ, ಎಲೆ ಅಡಿಕೆ ಹಿಡಿದು ಸಂಬಂಧ ಗಟ್ಟಿ ಮಾಡಿಕೊಳ್ಳುವವರು. ಕಂಪ್ಯೂಟರ್ ಬಂದಿದ್ದೇ ಅವರಿಗೂ ಜಾತಕ ಬೇಕಾಯಿತು. ಪಂಚಾಂಗದವರ ಮುಂದೆ ಕೂರಲು ಹಿಂಜರಿಯುವವರು ಮಾರುತೇಶನ ಮುಂದೆ ಕಾಲು ಚಾಚಿ ಕೂರುತ್ತಿದ್ದರು.

ಇಲ್ಲಿ ನನ್ನ ಪಾಪವನ್ನೂ ಹೇಳಿಬಿಡಬೇಕು. ಜಾತಕಕ್ಕೆ ಹುಟ್ಟಿದ ತಾರೀಖು ಬೇಕಲ್ಲ, ಎಲ್ಲರೂ ಶಾಲೆಯ ಸರ್ಟಿಫಿಕೇಟ್ ತರುತ್ತಿದ್ದರು. ಅದರಲ್ಲಿ ಮುಕ್ಕಾಲು ಪಾಲು ಮಂದಿಯ ಹುಟ್ಟಿದ ದಿನ ಜೂನ್ ಒಂದು. ಬರೆದವರು ನನ್ನಂಥ ಮೇಷ್ಟ್ರುಗಳು. ಮಗು ಯಾವಾಗ ಹುಟ್ಟಿತು ಅಂತ ಕೇಳಿದರೆ ಅವ್ವಂದಿರು, 'ಆ ಕರೀ ಕುರಿ ಅವಳಿ ಮರಿ ಹಾಕ್ತಲ್ಲ, ಅದರ ಮರುದಿನ' ಅನ್ನುತ್ತಿದ್ದರು. ಅದನ್ನು ರಿಜಿಸ್ಟರಿನಲ್ಲಿ ಹೇಗೆ ಬರೆಯಲಿ? ವಯಸ್ಸು ಅಂದಾಜು ಮಾಡಿ ವರ್ಷ ಹಾಕಿ, ಮುಂದೆ ಜೂನ್ ಒಂದು ಅಂತ ಬರೆದುಬಿಡುತ್ತಿದ್ದೆ. ಶಾಲೆ ಶುರುವಾಗುವ ದಿನ, ಸೇರಿಸಿಕೊಳ್ಳಲು ತಕರಾರಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಮಕ್ಕಳನ್ನು ಒಂದೇ ದಿನ ಹುಟ್ಟಿಸಿದೆನೋ ಲೆಕ್ಕವಿಲ್ಲ.

2008ರ ಸಂಕ್ರಾಂತಿ ಹೊತ್ತಿಗೆ ಮಾರುತೇಶ ಅಂಗಡಿಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ. ಇನ್ನು ಸೈಬರ್ ಸೆಂಟರಿಗೆ ಅಲೆಯಬೇಕಿಲ್ಲ ಅಂತ ಮೀಸೆ ತಿರುವಿದ. ಆಮೇಲಿನ ಮೂರು ವಾರದಲ್ಲಿ ಅವನ ಕಂಪ್ಯೂಟರಿಗೆ ಹೊಸ ಹೆಸರು ಬಂತು. ಕೂಡಿಸಿ ನೋಡಿದ ಒಂದು ಜೋಡಿಯೂ ಹೊಂದಲಿಲ್ಲ. ಗಂಡಿಗೂ ಹೆಣ್ಣಿಗೂ ಒಂದೇ ನಕ್ಷತ್ರ, ಒಂದೇ ಪಾದ, ಒಂದೇ ನಾಡಿ, 'ಈ ಸಂಬಂಧ ಸಲ್ಲದು' ಅಂತಲೇ ಬರುತ್ತಿತ್ತು. ಜನ ಬೈಯಲಿಲ್ಲ. 'ಮಾರುತೇಶಂದು ಭಾರೀ ಕಟ್ಟುನಿಟ್ಟಿನ ಕಂಪ್ಯೂಟರ್ ಕಣಪ್ಪ, ಮುಲಾಜಿಲ್ಲ' ಅಂತ ಹೊಗಳಿದರು. ಗಿರಾಕಿ ಹೆಚ್ಚಾದರು. ಹೊಗಳಿಕೆ ಕೇಳಿ ಇವನೂ ಉಬ್ಬಿದ.

'ಎಲ್ಲಾರಿಗೂ ಒಂದೇ ನಕ್ಷತ್ರ ಯಾಕ್ಲೇ ಬರ್ತೈತೆ?' ಅಂತ ಒಮ್ಮೆ ಕೇಳಿದೆ.

'ಎಲ್ಲಾರದೂ ಜೂನ್ ಒಂದಲ್ವಾ ಸಾ' ಅಂದ. ವರ್ಷ ಬೇರೆಯಾದರೆ ಅದೇ ತಾರೀಖಿಗೂ ನಕ್ಷತ್ರ ಬೇರೆಯಾಗುತ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ. ತಪ್ಪು ನನ್ನದೇ ಅಂದುಕೊಂಡು ಪೇಪರಿನೊಳಗೆ ಮುಖ ಹುದುಗಿಸಿದೆ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಶಿಲ್ಪ ನನ್ನ ಮನೆ ಬಾಗಿಲಿಗೆ ಬಂದಳು. ಸಿದ್ದಾಪುರದ ಕುರಿ ಗಾದ್ರಪ್ಪನ ಮಗಳು, ನನ್ನ ಶಿಷ್ಯೆ, ಅಲ್ಲೇ ಅಂಗನವಾಡಿ ಕಾರ್ಯಕರ್ತೆ. ಅವಳಿಗೂ ಮೊಳಕಾಲ್ಮೂರಿನ ಪ್ರದೀಪನಿಗೂ ಮಾತಾಗಿತ್ತು. ಪ್ರದೀಪ ನಮ್ಮ ರೂಟಿನ ಖಾಸಗಿ ಬಸ್ಸಿನ ಕಂಡಕ್ಟರು, ಒಳ್ಳೆಯ ಹುಡುಗ, ಮುದುಕರು ಹತ್ತುವವರೆಗೂ ಸೀಟಿ ಊದುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು, ಅದು ಬಸ್ಸಿನಲ್ಲಿ ಓಡಾಡುವವರಿಗೆಲ್ಲ ಗೊತ್ತಿತ್ತು. ಎಲ್ಲಾ ಸರಿಯಾಯಿತು ಅನ್ನುವಾಗ ಪ್ರದೀಪನ ಅವ್ವ ಮುದ್ದಕ್ಕ ಸಂತೆಗೆ ಹೋಗಿ ಮಾರುತೇಶನ ಕಂಪ್ಯೂಟರಿನಲ್ಲಿ ಕೇಳಿಸಿದ್ದಳು.

'ಹೊಂದಲ್ಲ ಅಂತ ಬಂತು ಸಾ. ಸೋಮವಾರ ರಾಯದುರ್ಗದ ತಮ್ಮನ ಮನೆಗೆ ಹೋಗಿ ಅವರ ಮಗಳಿಗೆ ಎಲೆ ಅಡಿಕೆ ಹಿಡಿತಾರಂತೆ.' ಅವಳ ಕಣ್ಣು ನನ್ನನ್ನು ಬಿಡಲಿಲ್ಲ. 'ನನ್ ತಾರೀಖು ನೀವೇ ಬರ್ದಿದ್ದಲ್ವಾ ಸಾ? ಜೂನ್ ಒಂದು ಅಂತ? ನಾನು ಅಂಗನವಾಡಿಗೆ ಬರೋ ಕೂಸುಗಳ ತಾರೀಖು ಮನೆ ಮನೆಗೆ ಹೋಗಿ ಕೇಳಿ ಸರಿಯಾಗಿ ಬರೀತೀನಿ. ನೀವ್ಯಾಕೆ ಬರೀಲಿಲ್ಲ?'

ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ನಾಚಿಕೆಯಾಯಿತು. ಸೋಮವಾರಕ್ಕೆ ನಾಲ್ಕೇ ದಿನ ಉಳಿದಿತ್ತು.

ಅವಳ ಜೊತೆಯಲ್ಲೇ ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋದೆ. ಅವಳ ಅವ್ವ ತಿಪ್ಪೇರುದ್ರಮ್ಮನನ್ನು ಕೂರಿಸಿ, ಹದಿನೇಳು ವರ್ಷದ ಹಿಂದೆ ಕೇಳಬೇಕಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಪುಣ್ಯಾತ್ಗಿತ್ತಿ ಎಲ್ಲಾ ನೆನಪಿಟ್ಟಿದ್ದಳು. 'ದೀಪಾವಳಿ ಅಮಾಸೆ ಆಗಿ ಮೂರನೇ ದಿನ ಮೇಷ್ಟ್ರೇ, ಶೇಂಗಾ ಕೀಳ್ತಿದ್ವಿ. ಕುರಿ ಹೊರಗೆ ಬಿಡೋ ಹೊತ್ತು. ಇಂದಿರಮ್ಮ ಸತ್ತ ಮರುವರ್ಷ.' ಚಳ್ಳಕೆರೆಗೆ ಬಂದು ಹಳೇ ಪಂಚಾಂಗ ತೆಗೆದು ನೋಡಿದೆ. 1985ರ ನವೆಂಬರ್ ಹದಿನೈದು, ಬೆಳಿಗ್ಗೆ ಎಂಟು. ಚೀಟಿಯಲ್ಲಿ ಬರೆದುಕೊಂಡು ಮಾರುತೇಶನ ಅಂಗಡಿಗೆ ನಡೆದೆ.

'ಲೇ, ಶಿಲ್ಪಂದು ಸರಿಯಾದ ತಾರೀಖು ತಂದಿದೀನಿ. ಈಗ ಹಾಕು.'

ಒತ್ತಿದ. ಪ್ರಿಂಟರ್ ಕಿರಗುಟ್ಟಿತು. ಹುಬ್ಬಾ ನಕ್ಷತ್ರ, ಎರಡನೇ ಪಾದ.

ಹಳೇ ಹಾಳೆ ತೆಗೆದು ನೋಡಿದೆ. ಜೂನ್ ಒಂದಕ್ಕೂ ಹುಬ್ಬಾ, ಎರಡನೇ ಪಾದ.

'ನನ್ನದು ಹಾಕು' ಅಂದೆ. ನಮ್ಮಪ್ಪ ನಾನು ಹುಟ್ಟಿದ ಗಳಿಗೆಯನ್ನು ಪಂಚಾಂಗದಲ್ಲೇ ಬರೆದಿಟ್ಟಿದ್ದ, ನನ್ನದು ಮೂಲಾ ನಕ್ಷತ್ರ ಅಂತ ಮದುವೆಗೆ ಮುಂಚೆ ನನ್ನ ಮಾವ ಹದಿನೈದು ದಿನ ಊಟ ಬಿಟ್ಟಿದ್ದ. ಪ್ರಿಂಟು ಬಂತು. ಹುಬ್ಬಾ, ಎರಡನೇ ಪಾದ. ಮಾರುತೇಶನ ಮುಖದ ಬಣ್ಣ ಇಳಿಯಿತು. ತನ್ನದು ಹಾಕಿದ, ಹೆಂಡತಿಯದು ಹಾಕಿದ, ಮಗುವಿನದು ಹಾಕಿದ. ಎಲ್ಲಾ ಹುಬ್ಬಾ.

'ನಾಳೆ ಹುಟ್ಟೋ ಕೂಸಿಗೆ ಹಾಕ್ಲೇ' ಅಂದೆ.

ಹಾಕಿದ. ನಾಳೆ ಹುಟ್ಟುವ ಕೂಸಿಗೂ ಹುಬ್ಬಾ, ಎರಡನೇ ಪಾದ, ಇಪ್ಪತ್ತೇಳನೇ ವಯಸ್ಸಿನಲ್ಲಿ ವಾಹನ ಕಂಟಕ.

ಆಗಲೇ ನಾನು ಬಾರಿಸಿದ್ದು. ಅವನು ಕೆನ್ನೆ ಹಿಡಿದುಕೊಂಡು, 'ಇನ್ನೊಂದು ಹೊಡೀರಿ ಸಾ' ಅಂದ. ಹೊಡೆಯಲು ಕೈ ಬರಲಿಲ್ಲ.

ಸಿಡಿ ಮಾರಿದವನಿಗೆ ಫೋನು ಮಾಡಿದರೆ ಆ ನಂಬರೇ ಅಸ್ತಿತ್ವದಲ್ಲಿಲ್ಲ. ದಾವಣಗೆರೆಯ ಡೀಲರಿನಿಂದ ಸಾಫ್ಟ್‌ವೇರ್ ಮಾಡಿದ ಕಂಪನಿಯ ನಂಬರು ಇಸಕೊಂಡೆವು. ಅಲ್ಲಿ ಒಬ್ಬ ಹೆಣ್ಣುಮಗಳು ಕೀ ನಂಬರು ಕೇಳಿ, ಹುಡುಕಿ ನೋಡಿ ಹೇಳಿದಳು. 'ಈ ಕೀ ನಾವು ಮಾರಿದ್ದು ಒಬ್ಬರಿಗೆ ಸರ್. ಅದನ್ನೇ ಯಾರೋ ಮುನ್ನೂರು ಚಿಲ್ಲರೆ ಜನಕ್ಕೆ ಮಾರಿದಾರೆ. ಅವರು ನಮ್ಮ ಡೀಲರ್ ಅಲ್ಲ. ಅಂಥ ಕೀ ಇರೋ ಕಂಪ್ಯೂಟರ್ ನೆಟ್‌ಗೆ ಸೇರಿದ ಕೂಡಲೇ ಇಲ್ಲಿಂದ ಬಂದ್ ಆಗುತ್ತೆ. ಆಮೇಲೆ ನೀವು ಹಾಕಿದ ಹೆಸರು, ತಾರೀಖು ಮೇಲೆ ಬರುತ್ತೆ, ಒಳಗೆಲ್ಲ ನಮ್ಮ ಮಾದರಿ ಜಾತಕವೇ ಇರುತ್ತೆ. ಪ್ರತಿ ಪುಟದ ಕೆಳಗೆ ಮಾದರಿ ಪ್ರತಿ ಅಂತ ಬರುತ್ತಲ್ಲ, ನೋಡಲಿಲ್ವಾ?'

ನೋಡಿದೆವು. ಮಾರುತೇಶ ಶೋಕಿಗೆಂದು ಮೊದಲೇ ಅಂಚು ಹಾಕಿಸಿದ ಹಾಳೆ ಬಳಸುತ್ತಿದ್ದ. ಕೆಳಗೆ ದಪ್ಪ ಕೆಂಪು ಪಟ್ಟಿ, ಅದರಲ್ಲಿ ಅವನ ಅಂಗಡಿ ಹೆಸರು, ಮೊಬೈಲ್ ನಂಬರು. ಆ ಕೆಂಪಿನ ಮೇಲೆಯೇ 'ಮಾದರಿ ಪ್ರತಿ' ಅಂತ ಸಣ್ಣಗೆ ಅಚ್ಚಾಗಿ ಕಾಣದೆ ಹೋಗಿತ್ತು. ಪರದೆಯ ಮೂಲೆಯಲ್ಲೂ ಬರುತ್ತಿತ್ತಂತೆ. ಅಲ್ಲಿ ಇವನು ಆಂಜನೇಯನ ಸ್ಟಿಕ್ಕರ್ ಅಂಟಿಸಿದ್ದ.

'ಟೋಪಿ ಹಾಕ್ಬಿಟ್ರು ಸಾ' ಅಂದ.

'ನಿನಗೆ ಅವರು ಹಾಕಿದ್ರು. ನೀನು ಎಷ್ಟು ಜನಕ್ಕೆ ಹಾಕ್ದೆ, ಅದನ್ನ ತೆಗಿ.'

ಬ್ರಾಡ್‌ಬ್ಯಾಂಡ್ ಬಂದಾಗಿನಿಂದ ಕೊಟ್ಟಿದ್ದನ್ನೆಲ್ಲ ತೆಗೆಸಿದೆ. ಬಿಡಿ ಜಾತಕಗಳು ಬಹಳ ಇದ್ದವು, ಮುರಿದ ಸಂಬಂಧಗಳು ಶಿಲ್ಪನದು ಸೇರಿ ಐದು. ಉಳಿದ ನಾಲ್ಕು ಮನೆಗೂ ಆಮೇಲೆ ಒಟ್ಟಿಗೇ ಹೋದೆವು, ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮೂರು ಕಡೆ ಬೈಗುಳ ತಿಂದೆವು, ಮಾತು ಮತ್ತೆ ಕೂಡಿತು. ನಾಲ್ಕನೆಯ ಮನೆಯಲ್ಲಿ ಸರಿತಾ ಅನ್ನುವ ಹುಡುಗಿ ನಮ್ಮನ್ನು ಹಿತ್ತಲಿಗೆ ಕರೆದು, 'ಕೆಟ್ಟಿದ್ದು ಒಳ್ಳೇದಾಯ್ತು, ದಮ್ಮಯ್ಯ ಅಂತೀನಿ, ನಮ್ಮಪ್ಪಂಗೆ ಹೇಳ್ಬೇಡ್ರಿ, ಆ ಗಂಡು ನಂಗೆ ಬ್ಯಾಡ' ಅಂದಳು. ನಾವು ಅವಳಪ್ಪನ ಹತ್ತಿರ ಮಳೆ ಬೆಳೆ ಮಾತಾಡಿ, ಟೀ ಕುಡಿದು ಬಂದೆವು.

ಆದರೆ ಆ ದಿನ ಕಣ್ಣ ಮುಂದಿದ್ದದ್ದು ಸೋಮವಾರ. ಮಾರುತೇಶ ಕೈಮುಗಿದು ಕೂತ. 'ಸಾ, ಸಾಲ ಸೋಲ ಮಾಡಿ ಒರಿಜಿನಲ್ ತರಿಸ್ತೀನಿ. ಸುಮ್ನೆ ಹೊಸ ಹಾಳೆ ಕೊಟ್ಬಿಡಾನ. ಹಳೇದ್ರ ವಿಷ್ಯ ಯಾರಿಗೂ ಗೊತ್ತಾಗೋದು ಬ್ಯಾಡ. ಸಂತೇಲಿ ಜನ ಹಿಡ್ಕೊಂಡು ಬಡೀತಾರೆ.'

'ಒರಿಜಿನಲ್ ಬರೋದಕ್ಕೆ ಎಂಟು ದಿನ. ಅಷ್ಟರಲ್ಲಿ ಅಲ್ಲಿ ಎಲೆ ಅಡಿಕೆ ಆಗಿರ್ತೈತೆ. ಅದು ಬಿಡು. ಹೋದ ವಾರ ಬ್ಯಾಡ ಅಂದ ಕಂಪ್ಯೂಟರು ಈ ವಾರ ಆಗಲಿ ಅಂದ್ರೆ ಮುದ್ದಕ್ಕ ಯಾವುದನ್ನ ನಂಬಬೇಕು? ಹುಡುಗಿ ಕಡೆಯೋರು ದುಡ್ಡು ಕೊಟ್ಟಿದಾರೆ ಅನ್ನಲ್ವಾ?'

ಅವನು ಬೆರಳಿನ ಉಗುರು ಕಚ್ಚುತ್ತಾ ಬಹಳ ಹೊತ್ತು ಕೂತಿದ್ದ. ಆಮೇಲೆ ತಾನೇ ಎದ್ದು, ಕೌದಿ ತಂದು, ಕಂಪ್ಯೂಟರನ್ನು ಸುತ್ತತೊಡಗಿದ. ಆ ಗಳಿಗೆಯಲ್ಲಿ ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಇದನ್ನು ಅವನಿಗೆ ಇವತ್ತಿನವರೆಗೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ಹತ್ತಿದ್ದು ಪ್ರದೀಪನ ಬಸ್ಸನ್ನೇ. ಚೀಲ ನೋಡಿ ಅವನ ಮುಖ ಗಂಟಿಕ್ಕಿತು. ನಾನು ಪಕ್ಕಕ್ಕೆ ಕರೆದು ವಿಷಯ ಹೇಳಿದೆ. ಹುಡುಗ ನಮಗೆ ಟಿಕೆಟ್ಟೇ ಹರಿಯಲಿಲ್ಲ. ಮೊಳಕಾಲ್ಮೂರಿನಲ್ಲಿ ಚೀಲವನ್ನು ತಾನೇ ಹೆಗಲಿಗೇರಿಸಿ, ಬಸ್ಸನ್ನು ಇನ್ನೊಬ್ಬನಿಗೆ ಒಪ್ಪಿಸಿ, ನಮ್ಮ ಮುಂದೆ ನಡೆದ.

ಮುದ್ದಕ್ಕ ಎಮ್ಮೆಯ ಮೈ ತೊಳೆಯುತ್ತಿದ್ದಳು. ನನ್ನನ್ನು ಕಂಡವಳೇ ನೀರಿನ ಚೊಂಬು ಕುಕ್ಕಿದಳು.

'ಮೇಷ್ಟ್ರೇ, ನೀವು ಹುಡುಗಿ ಕಡೆಯೋರು. ಏನೂ ಹೇಳ್ಬೇಡ್ರಿ. ನಾನು ಕೆಟ್ಟೋಳಲ್ಲ, ಆ ಹುಡುಗಿ ಮೇಲೂ ನಂಗೆ ಬ್ಯಾಸರಿಲ್ಲ. ಅದ್ರಾಗೆ ಬರ್ದಿದ್ದು ನೀವು ಓದಿದೀರಾ? ನನ್ ಮಗನಿಗೆ ಈ ವರ್ಷ ತುಂಬಿದ್ರೆ ಇಪ್ಪತ್ತೇಳು. ಗಾಡಿ ಕಂಟಕ ಐತಂತೆ. ಅದೇ ನಕ್ಷತ್ರದ ಹೆಣ್ಣನ್ನ ತಂದ್ರೆ ಉಳೀತಾನಾ? ಇವರಪ್ಪ ಲಾರಿ ಮಗುಚಿ ಹೋದ. ನಂಗೆ ಇರೋನು ಇವನೊಬ್ಬ.'

ಆಗ ಗೊತ್ತಾಯಿತು, ಒಂದು ವಾರದಿಂದ ಅವಳು ದಿನಾ ಸಂಜೆ ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲುತ್ತಿದ್ದದ್ದು ಯಾಕೆ ಅಂತ. ಮಗ ಇಳಿದದ್ದು ಕಂಡ ಕೂಡಲೇ ತಿರುಗಿ ಮನೆಗೆ ಹೋಗುತ್ತಿದ್ದಳು. ತಾನು ಶಿಲ್ಪನ ಜೊತೆ ಬರುತ್ತಾನಾ ಅಂತ ಅವ್ವ ಕಾಯುತ್ತಾಳೆ ಎಂದುಕೊಂಡು ಪ್ರದೀಪ ಒಳಗೇ ಕುದಿಯುತ್ತಿದ್ದನಂತೆ.

ಕರೆಂಟು ಇರಲಿಲ್ಲ. ಹನ್ನೆರಡಕ್ಕೆ ಬರುತ್ತದೆ ಅಂದರು. ಅಷ್ಟು ಹೊತ್ತೂ ನಾವು ಜಗುಲಿಯ ಮೇಲೆ ಕೂತಿದ್ದೆವು, ಮುದ್ದಕ್ಕ ಕುಡಿಯಲು ನೀರು ಕೊಟ್ಟು ಮತ್ತೆ ಎಮ್ಮೆಯ ಮೈ ತಿಕ್ಕಲು ಹೋದಳು. ವಿಷಯ ಹಬ್ಬಿ ಓಣಿಯ ಜನ ಸೇರಿದರು. ಕರೆಂಟು ಬಂದಾಗ ಮಾರುತೇಶ ಎದ್ದು ನಿಂತ.

'ಅವ್ವಾ, ನನ್ ಕಂಪ್ಯೂಟರು ಸುಳ್ಳು ಹೇಳೈತೆ. ನಾನು ಕಡಿಮೆ ರೇಟಿಗೆ ಸಿಗ್ತೈತೆ ಅಂತ ಆಸೆಗೆ ಬಿದ್ದು ಕಳ್ಳ ಮಾಲು ತಂದೆ. ಬರೀ ಮಾತಲ್ಲಿ ಹೇಳಿದ್ರೆ ನೀವು ನಂಬಲ್ಲ. ನಿಮ್ಮ ಮನೇಲಿ ಯಾರದಾದ್ರೂ ಹುಟ್ಟಿದ ದಿನ ಹೇಳ್ರಿ, ನಿಮ್ ಕಣ್ಣೆದುರೇ ಹಾಕ್ತೀನಿ.'

'ನಂದು ಗೊತ್ತಿಲ್ಲ, ಇವಂದು ಶಾಲೇಲಿ ಬರ್ದಿದ್ದು ಜೂನ್ ಒಂದು' ಅಂದು ಮುದ್ದಕ್ಕ ಸುತ್ತ ನೋಡಿದಳು. 'ಸರಿಯಾಗಿ ಗೊತ್ತಿರೋದು ಅಂದ್ರೆ ನಮ್ ಗೌರೀದು. ಆಚೆ ವರ್ಷ ಯುಗಾದಿ ಮಾರನೇ ದಿನ, ಕೋಳಿ ಕೂಗೋ ಹೊತ್ತು.'

ಗೌರಿ ಅಂದರೆ ಎಮ್ಮೆ. ಅದು ಅಲ್ಲೇ ನೀರು ಸುರಿಸಿಕೊಂಡು ನಿಂತಿತ್ತು.

ಮಾರುತೇಶ ನಗಲಿಲ್ಲ. ಹೆಸರು ಗೌರಿ ಅಂತ ಒತ್ತಿದ. ಊರು ಮೊಳಕಾಲ್ಮೂರು. 'ತಂದೆ ಹೆಸರು ಹಾಕದೆ ಮುಂದಕ್ಕೆ ಹೋಗಲ್ಲ ಅವ್ವಾ' ಅಂದ.

'ಅಪ್ಪ ಎಲ್ಲಿಂದ ಬಂತಲೇ, ಪಶು ಆಸ್ಪತ್ರೆ ಸೂಜಿ' ಅಂದಳು ಮುದ್ದಕ್ಕ. ಗುಂಪಿನಲ್ಲಿ ಕಿಸಕ್ ಅಂತ ನಗೆ ಎದ್ದಿತು. ಮಾರುತೇಶ ಪಶು ಆಸ್ಪತ್ರೆ ಅಂತಲೇ ಒತ್ತಿದ.

ಹಾಳೆ ಬಂತು. ನಾನು ಮೇಷ್ಟ್ರ ದನಿಯಲ್ಲಿ ಗಟ್ಟಿಯಾಗಿ ಓದಿದೆ. ಗೌರಿಯದು ಹುಬ್ಬಾ ನಕ್ಷತ್ರ, ಎರಡನೇ ಪಾದ. ವಿದ್ಯಾಭ್ಯಾಸದಲ್ಲಿ ಸ್ವಲ್ಪ ಅಡಚಣೆ. ಸರ್ಕಾರಿ ಕೆಲಸದ ಯೋಗವಿದೆ. ಮಾತಿನಿಂದ ಎಲ್ಲರನ್ನೂ ಗೆಲ್ಲುವಳು. ಇಪ್ಪತ್ತೇಳನೇ ವಯಸ್ಸಿನಲ್ಲಿ ವಾಹನ ಕಂಟಕ. ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಪಕ್ಕದ ಮನೆಯ ದುರುಗಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆ ಹಿಡಿದಳು.

ಮುದ್ದಕ್ಕನಿಗೆ ನಗು ಬರಲಿಲ್ಲ. ಒಳಗೆ ಹೋಗಿ, ಡಬ್ಬದಲ್ಲಿಟ್ಟಿದ್ದ ಮಗನ ಹಾಳೆಗಳನ್ನು ತಂದು ನನ್ನ ಕೈಗೆ ಕೊಟ್ಟಳು. 'ಎರಡೂ ಒಂದೇನಾ ನೋಡ್ರಿ ಮೇಷ್ಟ್ರೇ. ನಂಗೆ ಓದೋಕೆ ಬರಲ್ಲ.'

ಸಾಲಿಗೆ ಸಾಲು ಹಿಡಿದು ನೋಡಿದೆ. 'ಒಂದೇ ಕಣವ್ವಾ. ಒಂದಕ್ಷರ ಹೆಚ್ಚು ಕಮ್ಮಿ ಇಲ್ಲ.'

'ಹಂಗಾದ್ರೆ ಗಾಡಿ ಕಂಟಕ ಅಂತ ಬರ್ದಿದ್ದು?'

'ಅದು ನಿಮ್ ಮಗಂದಲ್ಲ ಅವ್ವಾ' ಅಂದ ಮಾರುತೇಶ. 'ಯಾರಿಗೆ ಹಾಕಿದ್ರೂ ಅದೇ ಬರ್ತೈತೆ. ಪ್ರದೀಪಂಗೆ ಏನೂ ಇಲ್ಲ.'

'ಅಯ್ಯೋ ದೇವುಡಾ' ಅಂದವಳು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ಬಾಯಿ ಬಿಟ್ಟು ಅತ್ತಳು. ಪ್ರದೀಪ ಓಡಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವಳು ಅವನ ತಲೆ, ಭುಜ, ಕೈ ಎಲ್ಲಾ ಮುಟ್ಟಿ ಮುಟ್ಟಿ ನೋಡಿದಳು. ನಗುತ್ತಿದ್ದ ಜನ ಸುಮ್ಮನಾದರು. ನಾನು ಎಮ್ಮೆಯ ಕಡೆ ತಿರುಗಿಕೊಂಡು ನಿಂತೆ. ಮಾರುತೇಶ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ. ಬಡಿಯುವವರು ಯಾರೂ ಮುಂದೆ ಬರಲಿಲ್ಲ.

ಸ್ವಲ್ಪ ಸಾವರಿಸಿಕೊಂಡ ಮೇಲೆ ಮಾರುತೇಶನೇ ಮಾತು ತೆಗೆದ. 'ಎಂಟು ದಿನ ಕೊಡ್ರಿ ಅವ್ವಾ. ಒರಿಜಿನಲ್ ತರಿಸಿ, ಇಬ್ಬರದೂ ಸರಿಯಾಗಿ ಕೂಡ್ಸಿ ನೋಡ್ಕೊಡ್ತೀನಿ. ಬಿಟ್ಟಿಯಾಗಿ.'

'ಅದ್ರಾಗೆ ಬರೋದು ನಿಜ ಅಂತ ನಿಂಗೆ ಹೆಂಗೆ ಗೊತ್ತಾಗ್ತೈತೆ?'

ಒಂದು ವರ್ಷದಿಂದ ಎಷ್ಟು ಜನ ಅವನ ಮುಂದೆ ಕೂತಿದ್ದರೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. 'ಗೊತ್ತಾಗಲ್ಲ ಅವ್ವಾ. ನಂಗೆ ಜಾತಕ ಓದೋಕೆ ಬರಲ್ಲ. ನಾನು ಬರೀ ಒತ್ತೋನು.'

'ಮೇಷ್ಟ್ರೇ, ನಿಮಗೆ?'

'ನನಗೂ ಬರಲ್ಲ.'

ಮುದ್ದಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಮಗನನ್ನು ನೋಡಿದಳು. 'ಏನಲೇ, ನಿಂಗೆ ಆ ಹುಡುಗಿ ಬೇಕಾ?'

ಪ್ರದೀಪ ಅವ್ವನ ಮುಖವನ್ನೇ ನೋಡುತ್ತಾ ಕೂತಿದ್ದ. 'ಇಷ್ಟು ದಿನದಲ್ಲಿ ಇದನ್ನ ನೀನು ನನ್ನ ಒಂದ್ಸಲನೂ ಕೇಳ್ಲಿಲ್ಲವ್ವಾ' ಅಂದ.

'ಈಗ ಕೇಳ್ತಾ ಇದೀನಲ್ಲ.'

'ಬೇಕು.'

'ಹಂಗಾದ್ರೆ ಸೋಮವಾರ ಸಿದ್ದಾಪುರಕ್ಕೆ ಹೋಗಾನ' ಅಂದು ಮುದ್ದಕ್ಕ ಎದ್ದಳು. ಒದ್ದೆಯಾದ ಸೀರೆಯನ್ನು ಹಿಂಡಿಕೊಂಡು, ನಮ್ಮೆಲ್ಲರಿಗೂ ಊಟಕ್ಕೆ ಎಲೆ ಹಾಕಲು ಒಳಗೆ ಹೋದಳು.